ಕೊಳವೆಗೆ ಎಟುಕದ ನಾಲ್ಕು ಹೆಜ್ಜೆ

ಮಗಳು ಘಾಟಿ. ಅಂಚೆ ಕಚೇರಿಯ ಕೌಂಟರಿನಲ್ಲಿ ಕೂತು ಎಂಥೆಂಥ ಜಗಳಗಂಟರನ್ನೂ ಸಂಭಾಳಿಸಿದವಳು. ಅಪ್ಪನ ಕಾಯಿಲೆಯನ್ನೂ ಹಾಗೇ ಸಂಭಾಳಿಸುತ್ತೇನೆಂದು ಟೊಂಕ ಕಟ್ಟಿ ನಿಂತಿದ್ದಳು.

ಮೂವತ್ತು ವರ್ಷ ಹಿಟ್ಟಿನ ಗಿರಣಿಯ ಧೂಳು ಕುಡಿದ ಅಪ್ಪನ ಶ್ವಾಸಕೋಶ ಇನ್ನು ಸರಿಹೋಗುವಂಥದ್ದಲ್ಲ. ಉಸಿರು ಪೂರ್ತಿ ಕೈಕೊಟ್ಟಾಗ ಏನು ಮಾಡಬೇಕು, ಏನು ಬೇಡ ಎಂದು ಅವರನ್ನೇ ಕೇಳಿ ಬರೆದಿಡೋಣ ಎಂದು ಮನೆಗೆ ಬರುವ ನರ್ಸಮ್ಮ ಎರಡು ಸಲ ಹೇಳಿದ್ದಳು. ಅಪ್ಪನ ಮುಂದೆ ಸಾವಿನ ಮಾತೇ? ಇವಳು ಎರಡೂ ಸಲ ಏನೇನೋ ಹೇಳಿ ಸಾಗಹಾಕಿದ್ದಳು.

ಆ ಮಾತೆಲ್ಲ ಸಂಜೆ ಅಡುಗೆಮನೆಯಲ್ಲಿ, ಬಾಗಿಲು ಮುಚ್ಚಿಕೊಂಡು, ಗಂಡನ ಜೊತೆ ನಡೆಯುತ್ತಿತ್ತು. ಹೊರಗೆ ಅಪ್ಪನ ಆಕ್ಸಿಜನ್ ಯಂತ್ರ ಗುಂಯ್‌ಗುಡುತ್ತಿತ್ತು, ಗಿರಣಿಯ ಸದ್ದಿಗೆ ಅವರ ಕಿವಿಯೂ ಮಂದವಾಗಿತ್ತು. ಕೇಳಿಸುವ ಮಾತೇ ಇಲ್ಲವೆಂದು ಇವಳ ಧೈರ್ಯ.

ವಿಚಿತ್ರವೆಂದರೆ, ರಾತ್ರಿ ಊಟದ ಹೊತ್ತಿಗೆ ಅಪ್ಪನ ತುಟಿ ನೀಲಿಗಟ್ಟಿರುತ್ತಿತ್ತು, ಬೆರಳಿಗೆ ಸಿಕ್ಕಿಸುವ ಮೀಟರಿನ ಅಂಕಿ ಇಳಿದಿರುತ್ತಿತ್ತು. ಕಾಯಿಲೆ ಏರಿತೆಂದು ಇವಳು ಮಾರನೆಯ ಸಂಜೆ ಇನ್ನೂ ಹೆಚ್ಚು ಹೊತ್ತು ಒಳಗೆ ಮಾತಾಡುವಳು. ಅಂಕಿ ಇನ್ನೂ ಇಳಿಯುವುದು.

ಒಂದು ಸಂಜೆ ಮಾತಿನ ಮಧ್ಯೆ ಡಾಕ್ಟರ ಚೀಟಿ ತರಲೆಂದು ಇವಳು ಬಾಗಿಲು ತೆಗೆದಳು. ಅಪ್ಪ ಇವಳ ಮೈಮೇಲೇ ಕುಸಿದರು.

ಮೂಗಿನಲ್ಲಿ ಆಕ್ಸಿಜನ್ ಕೊಳವೆ ಇರಲಿಲ್ಲ. ಅದು ನಾಲ್ಕು ಹೆಜ್ಜೆ ಹಿಂದೆ ನೆಲದ ಮೇಲೆ ಬಿದ್ದಿತ್ತು. ಅಲ್ಲಿಂದಾಚೆಗೆ ಅದು ಎಟುಕುತ್ತಿರಲಿಲ್ಲ. ದಿನಾ ಅದನ್ನು ಕಿತ್ತಿಟ್ಟು, ಗೋಡೆ ಹಿಡಿದು ಬಂದು, ಬಾಗಿಲಿಗೆ ಕಿವಿ ಆನಿಸಿ ನಿಲ್ಲುತ್ತಿದ್ದರು. ಮಗಳಿಗೆ ಈಗ ಹೊಳೆಯಿತು: ಇಷ್ಟು ದಿನ ಅಪ್ಪನ ಉಸಿರು ತೆಗೆಯುತ್ತಿದ್ದವಳು ತಾನೇ.

ಅವರನ್ನು ಕುರ್ಚಿಯಲ್ಲಿ ಕೂರಿಸಿ ಕೊಳವೆ ಸಿಕ್ಕಿಸಿದಳು. ಉಸಿರು ತಿರುಗಿ ಮಾತು ಹೊರಟಾಗ ಅದರಲ್ಲಿ ಬೈಗುಳವಿರಲಿಲ್ಲ.

"ಹೋದ ಸಲ ಆಸ್ಪತ್ರೇಲಿ ಗಂಟಲಿಗೆ ಪೈಪ್ ಹಾಕಿಸಿದ್ಯಲ್ಲ, ಹನ್ನೊಂದು ದಿನ... ನಂಗೆ ಆಗಾಗ ಎಚ್ಚರ ಆಗ್ತಿತ್ತು ಕಣೆ. ಕೈ ಕಟ್ಟಿದ್ರು. ಮತ್ತೆ ಹಾಕಿಸ್ತೀನಿ ಅಂತ ನೀನು ಈಗ ಒಳಗೆ ಹೇಳ್ತಿದ್ದೆ."

ಮಗಳು ಆ ಹನ್ನೊಂದು ದಿನ ತಾನು ಅಪ್ಪನನ್ನು ಉಳಿಸಿಕೊಂಡೆನೆಂದು ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಮರುದಿನ ತಾನೇ ಫೋನ್ ಮಾಡಿ ನರ್ಸಮ್ಮನನ್ನು ಕರೆಸಿದಳು. ಅಪ್ಪ ತಡೆತಡೆದು ಹೇಳಿದ್ದನ್ನೆಲ್ಲ ನರ್ಸಮ್ಮ ಬರೆದುಕೊಂಡಳು: ಪೈಪ್ ಬೇಡ, ಉಸಿರಿನ ಸಂಕಟ ಇಳಿಸುವ ಔಷಧ ಸಾಕು, ಕೊನೆಗೆ ಈ ಮನೆಯೇ ಇರಲಿ. ಬಾಯಿ ಬಾರದ ಹೊತ್ತಿನಲ್ಲಿ ನಿಮ್ಮ ಪರವಾಗಿ ಯಾರು ಮಾತಾಡಬೇಕೆಂದು ಕೇಳಿದಾಗ ಅವರು ಮಗಳ ಕಡೆ ಕೈ ತೋರಿಸಿದರು. "ಇವಳೇ. ಆದ್ರೆ ನನ್ನ ಮಾತು ಹೇಳ್ಬೇಕು."

ನರ್ಸಮ್ಮ ಇವಳತ್ತ ತಿರುಗಿದಳು. ಆಸ್ಪತ್ರೆಯವರು ಪೈಪ್ ಹಾಕೋಣವೇ ಎಂದು ಕೇಳಿದರೆ ಏನು ಹೇಳುತ್ತೀರಿ ಎಂದಳು.

ಘಾಟಿ ಅಪ್ಪನ ಕಡೆ ನೋಡಿದಳು. ಅಪ್ಪ ಅವಳ ಬಾಯನ್ನೇ ನೋಡುತ್ತಿದ್ದರು.

"ಬೇಡ ಅಂತೀನಿ," ಎಂದಳು.