ಬೆನ್ನು ತಟ್ಟುವವರು

ಮೂಗಿಗೆ ಕರವಸ್ತ್ರ ಒತ್ತಿಕೊಂಡೇ ಕಾರ್ಖಾನೆ ಯಜಮಾನರ ಅಳಿಯದೇವರು ಅವಳ ಮೇಜಿನ ಮುಂದೆ ನಿಂತಿದ್ದರು. ಮೇಜಿನ ಮೂಲೆಯಲ್ಲಿದ್ದದ್ದು ಅಂಗೈಯಗಲದ ಒಂದು ಸ್ಟೀಲ್ ಡಬ್ಬಿ, ಅದೂ ಮುಚ್ಚಳ ಬಿಗಿದದ್ದು. ಒಳಗೆ ಹಾವೇನಾದರೂ ಸುತ್ತಿಕೊಂಡು ಮಲಗಿದೆಯೋ ಎಂಬಂತೆ ಅವರು ಅದನ್ನು ನೋಡುತ್ತಿದ್ದರು.

"ಇದನ್ನ ಮೊದಲು ಇಲ್ಲಿಂದ ತೆಗೀರಿ," ಅಂದರು. "ನೋಡಿದ್ರೆ ಹೊಟ್ಟೆ ತೊಳಸುತ್ತೆ. ನಾಲ್ಕು ಜನ ಕೂತು ಕೆಲಸ ಮಾಡೋ ಜಾಗ ಇದು."

ಹಾಗನ್ನುವಾಗ ಅವರ ಎಡ ಮೊಣಕೈ ಎಲ್ಲಿತ್ತು ಗೊತ್ತೇ? ಬೆಳಿಗ್ಗೆ ಬಂದ ಹನ್ನೊಂದು ಬಾಯಿಗಳ ಅಚ್ಚುಗಳಿದ್ದ ತಟ್ಟೆಯ ಅಂಚಿನ ಮೇಲೆ. ಹಲ್ಲಿನ ಡಾಕ್ಟರುಗಳು ಬೊಚ್ಚುಬಾಯಿಯವರ ಒಸಡಿಗೆ ಗುಲಾಬಿ ಬಣ್ಣದ ಮೆತ್ತನೆ ಹಿಟ್ಟು ಒತ್ತಿ, ಗಟ್ಟಿಯಾದ ಮೇಲೆ ಕಿತ್ತು ಕಳಿಸಿದ ಅಚ್ಚುಗಳು. ಒಂದರಲ್ಲಿ ರಕ್ತ ಒಣಗಿ ಕಂದಾಗಿತ್ತು. ಇನ್ನೊಂದರಲ್ಲಿ ಯಾರೋ ಹಿಂದಿನ ದಿನ ತಿಂದ ಸೊಪ್ಪಿನ ಚೂರು ಹಾಗೇ ಅಂಟಿಕೊಂಡು ಬಂದಿತ್ತು. ಎಲ್ಲದರಲ್ಲೂ ಎಂಜಲು ದಾರದಂತೆ ಎಳೆಯಾಡುತ್ತಿತ್ತು. ಕಂಡೋರ ಎಂಜಲಿನ ಮೇಲೇ ನಡೆಯುವ ಕಾರ್ಖಾನೆ ಅದು. ಅಲ್ಲಿ ಹೇಸಿಗೆಯಾಗಿ ಕಂಡದ್ದು ಅವಳ ಡಬ್ಬಿ ಒಂದೇ.

ಅವಳು ಡಬ್ಬಿಯನ್ನು ತೆಗೆದು ಮೇಜಿನ ಖಾನೆಯೊಳಗೆ ಇಟ್ಟಳು. ಅಳಿಯದೇವರು ಖಾನೆ ಮುಚ್ಚಿತೋ ಇಲ್ಲವೋ ಎಂದು ಬಗ್ಗಿ ನೋಡಿ ಖಾತ್ರಿ ಮಾಡಿಕೊಂಡು ಹೋದರು.

ಅದು ಕಟ್ಟಿಸಿಕೊಳ್ಳುವ ಹಲ್ಲಿನ ಸೆಟ್ಟು ಮಾಡುವ ಜಾಗ. ಹನ್ನೆರಡು ಜನ ಕೆಲಸದವರು. ಅಚ್ಚಿಗೆ ಗಚ್ಚು ಹುಯ್ಯುವವನೊಬ್ಬ, ಉಜ್ಜಿ ಹೊಳಪು ಕೊಡುವವರು ನಾಲ್ವರು, ಹೀಗೆ. ಇವಳದು ಮೇಣದ ಕೆಲಸ. ಗಚ್ಚಿನ ಒಸಡಿನ ಮೇಲೆ ಬಿಸಿ ಮೇಣದ ದಿಂಡು ಕೂರಿಸಿ, ಅದರಲ್ಲಿ ಒಂದೊಂದೇ ಹಲ್ಲನ್ನು ನಿಲ್ಲಿಸುವುದು. ಹಾಗಾಗಿ ಎಲ್ಲರ ಬಾಯಲ್ಲೂ ಅವಳು ಮೇಣದಮ್ಮ. ಮುಂದಿನ ಎರಡು ಹಲ್ಲು ಕೂದಲೆಳೆಯಷ್ಟು ಆಚೀಚೆಯಾದರೂ ಮುಖವೇ ಬೇರೆಯಾಗಿಬಿಡುತ್ತದೆ, ಅದು ಅವಳ ಕಣ್ಣಿಗೆ ಮಾತ್ರ ತಕ್ಷಣ ಕಾಣುತ್ತದೆ. ಹದಿನಾಲ್ಕು ವರ್ಷದಲ್ಲಿ ಅವಳು ನಿಲ್ಲಿಸಿದ ಸೆಟ್ಟು ವಾಪಸ್ ಬಂದದ್ದು ಬೆರಳಲ್ಲಿ ಎಣಿಸುವಷ್ಟು.

ಅವಳ ಕಾಯಿಲೆ ಹುಟ್ಟಿನಿಂದ ಬಂದದ್ದು. ಸಿಸ್ಟಿಕ್ ಫೈಬ್ರೋಸಿಸ್ ಎಂದು ಅದರ ಹೆಸರು. ಎದೆಯೊಳಗೆ ಕಫ ಅಂಟಿನಂತೆ ಗಟ್ಟಿಯಾಗಿ ಕೂತುಬಿಡುತ್ತದೆ, ತಾನಾಗಿ ಬರುವುದಿಲ್ಲ, ಬೆನ್ನು ಬಡಿದು ಎಬ್ಬಿಸಬೇಕು. ಹಗಲಲ್ಲಿ ಕೆಮ್ಮಿ ಬಂದಷ್ಟನ್ನು ಉಗುಳಿಕೊಳ್ಳಲು ಆ ಡಬ್ಬಿ. ಪ್ರತಿ ತುತ್ತಿನ ಜೊತೆಗೂ ಮಾತ್ರೆ ಬೇಕು, ಇಲ್ಲವಾದರೆ ತಿಂದದ್ದು ಮೈಗೆ ಹತ್ತುವುದಿಲ್ಲ, ಎಣ್ಣೆಯಾಗಿ ಆಚೆ ಹೋಗುತ್ತದೆ. ಇದು ಒಬ್ಬರಿಂದ ಒಬ್ಬರಿಗೆ ಅಂಟುವ ರೋಗವಲ್ಲವೆಂದು ಅವಳು ಹನ್ನೊಂದು ಜನಕ್ಕೂ ಹನ್ನೊಂದು ಸಲ ಹೇಳಿದ್ದಾಳೆ. ಗಚ್ಚಿನವನು ಮಾತ್ರ ಈಗಲೂ ಆಗಾಗ ಬಂದು, ಟಿ.ಬಿ. ಅಲ್ಲ ತಾನೇ ಎಂದು ಕೇಳುತ್ತಾನೆ. ಅವನೋ, ಎಂಜಲು ಅಚ್ಚು ಮುಟ್ಟಿದ ಕೈಯಲ್ಲೇ ಬನ್ನು ಮುರಿದು ತಿನ್ನುವ ಮಹಾನುಭಾವ. ಥೂ.

ಬೆನ್ನು ಬಡಿಯುವ ಕೆಲಸ ಅತ್ತೆಯದು. ಗಂಡ ಲಾರಿ ಹತ್ತಿದರೆ ಹದಿನೈದು ದಿನ ಪತ್ತೆಯಿಲ್ಲ. ಹನ್ನೆರಡು ವರ್ಷದಿಂದ ದಿನಾ ಬೆಳಿಗ್ಗೆ, ಅವಳು ಔಷಧಿಯ ಹೊಗೆ ಎಳೆದುಕೊಂಡು ಮುಗಿಸಿ, ಸೊಂಟದ ಕೆಳಗೆ ಎರಡು ದಿಂಬಿಟ್ಟು ತಲೆ ತಗ್ಗಿಸಿ ಮಲಗಿದ ಮೇಲೆ, ಅತ್ತೆ ಅಂಗೈಯನ್ನು ಬೊಗಸೆ ಮಾಡಿಕೊಂಡು ದಬದಬ ಶುರುಮಾಡುತ್ತಾರೆ. ಬಲಕ್ಕೆ ಅಷ್ಟು ಹೊತ್ತು, ಎಡಕ್ಕೆ ಅಷ್ಟು ಹೊತ್ತು, ಆಮೇಲೆ ಬೋರಲು. ಒಂದೂಕಾಲು ಗಂಟೆಯ ಕೆಲಸ. ಅಷ್ಟು ಹೊತ್ತೂ ಅವರ ಬಾಯಿಗೂ ಬಿಡುವಿಲ್ಲ. ಮಗನನ್ನು ಬೈಯುತ್ತಾರೆ, ಮೇಲಿನ ಮನೆಯವರ ಸೋರುವ ನಲ್ಲಿಯನ್ನು ಬೈಯುತ್ತಾರೆ, ಬೈಯಲು ಯಾರೂ ಸಿಗದಿದ್ದರೆ ಹವಾಮಾನವನ್ನು ಬೈಯುತ್ತಾರೆ. ಕೊನೆಗೆ ಬೋಗುಣಿ ಹಿಡಿದು, ಬಂದದ್ದರ ಬಣ್ಣ ನೋಡಿ ಒಯ್ದು ಚೆಲ್ಲುತ್ತಾರೆ.

ದೊಡ್ಡ ಯಜಮಾನರ ಕಾಲದಲ್ಲಿ ಇದೊಂದು ವಿಷಯವೇ ಆಗಿರಲಿಲ್ಲ. ಒಂಬತ್ತೂವರೆಗೆ ಬಾ, ಆರೂವರೆಗೆ ಹೋಗು, ನನಗೆ ಹಲ್ಲು ನೆಟ್ಟಗಿದ್ದರೆ ಸಾಕು ಅಂದಿದ್ದರು. ಅವರ ಮಂಡಿ ಕೈಕೊಟ್ಟು ಮನೆ ಸೇರಿದರು, ಕುರ್ಚಿಗೆ ಅಳಿಯ ಬಂದರು. ಅಳಿಯನ ಜೊತೆ ಬೆರಳೊತ್ತುವ ಯಂತ್ರ ಬಂತು. ಎಂಟೂವರೆಗೆ ಬೆರಳು ಬೀಳಬೇಕು, ಮೂರು ಸಲ ತಪ್ಪಿದರೆ ನೋಟೀಸು, ಆರು ಸಲ ತಪ್ಪಿದರೆ ಮನೆ.

ಬಸ್ಸಿನಲ್ಲೇ ನಲವತ್ತು ನಿಮಿಷ ಹೋಗುತ್ತದೆ. ನಾಲ್ಕಕ್ಕೇ ಏಳಬಹುದಲ್ಲ ಎಂದು ಅಳಿಯದೇವರು ಸಲಹೆ ಕೊಟ್ಟರು. ಕೆಮ್ಮಿ ಕೆಮ್ಮಿ ಅವಳಿಗೆ ಕಣ್ಣು ಹತ್ತುವುದೇ ಎರಡು ಗಂಟೆಗೆ. ಆದರೂ ಎದ್ದು ನೋಡಿದಳು, ನಾಲ್ಕನೇ ದಿನ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಲ್ಲೇ ಕುಸಿದಳು. ಆಮೇಲೆ ಒಂದೂಕಾಲು ಗಂಟೆ ಇಪ್ಪತ್ತು ನಿಮಿಷಕ್ಕಿಳಿಯಿತು. ಅತ್ತೆ ಒಂದು ಮಗ್ಗುಲು ಮುಗಿಸುವಷ್ಟರಲ್ಲಿ ಇವಳು ಎದ್ದು ಚಪ್ಪಲಿ ಹುಡುಕುತ್ತಿದ್ದಳು.

ಎದೆ ಸುಮ್ಮನಿರುತ್ತದೆಯೇ? ಎರಡು ತಿಂಗಳಲ್ಲಿ ನಲವತ್ತಮೂರು ಕಿಲೋ ಇದ್ದವಳು ನಲವತ್ತಾದಳು. ಸಂಜೆಯಾದರೆ ಜ್ವರ. ಡಬ್ಬಿಯೊಳಗಿನ ಹಳದಿ ಹಸಿರಿಗೆ ತಿರುಗಿತು, ಮುಚ್ಚಳ ತೆಗೆದರೆ ಅವಳಿಗೇ ವಾಕರಿಕೆ ಬರುವಂಥ ನಾತ. ಹೀಗೇ ಮಾಡಿದರೆ ಆಸ್ಪತ್ರೆಯ ಮಂಚವೇ ಗತಿ, ಒಳಗೆ ಒಮ್ಮೆ ಕೊಳೆತ ಜಾಗ ಮತ್ತೆ ಚಿಗುರುವುದಿಲ್ಲ ಎಂದು ಡಾಕ್ಟರಮ್ಮ ಖಡಾಖಂಡಿತವಾಗಿ ಹೇಳಿ, ಬೆಳಗಿನ ಒಂದು ಗಂಟೆ ಬಿಟ್ಟುಕೊಡಬೇಕೆಂದು ಕಾಗದ ಬರೆದುಕೊಟ್ಟರು. ಕೆಲಸ ಬಿಡುವ ಮಾತೇ ಇರಲಿಲ್ಲ. ಮಾತ್ರೆ ಸಿಗುತ್ತಿದ್ದದ್ದೇ ಕೆಲಸದ ವಿಮೆಯಲ್ಲಿ. ಅದಕ್ಕಿಂತ ಹೆಚ್ಚಾಗಿ, ಬೇರೆಲ್ಲ ಕಡೆ ಅವಳು ರೋಗಿ, ಆ ಮೇಜಿನ ಮುಂದೆ ಮಾತ್ರ ಕೆಲಸ ಬಲ್ಲವಳು. ಅವಳು ಕಾಗದ ತೆಗೆದುಕೊಂಡು ಹೋದಳು. ಅಳಿಯದೇವರು ಅದನ್ನು ಎರಡು ಬೆರಳ ತುದಿಯಲ್ಲಿ ಹಿಡಿದು ಓದಿದರು. ಒಬ್ಬರಿಗೆ ಕೊಟ್ಟರೆ ನಾಳೆ ಎಲ್ಲರೂ ಕೇಳುತ್ತಾರೆ ಅಂದರು. ಎಲ್ಲರಿಗೂ ಈ ಕಾಯಿಲೆ ಎಲ್ಲಿಂದ ತರೋಣ ಎಂದು ಕೇಳಬೇಕೆನಿಸಿತು, ಕೆಮ್ಮು ಬಂದು ಕೇಳಲಾಗಲಿಲ್ಲ.

ವಾರದ ಮೇಲೆ ಅವರೇ ಕರೆಸಿದರು, ನಗುನಗುತ್ತಾ. ಡಾಕ್ಟರುಗಳನ್ನೆಲ್ಲ ಕರೆದು ಕಾರ್ಖಾನೆಯ ಇಪ್ಪತ್ತೈದನೇ ವರ್ಷ ಆಚರಿಸುತ್ತಾರಂತೆ. ಅಲ್ಲಿ ಕೆಲಸದವರಲ್ಲಿ ಒಬ್ಬರ ಬೆನ್ನು ತಟ್ಟಿ ಬಹುಮಾನದ ಕಪ್ಪು ಕೊಡುತ್ತಾರಂತೆ. ಇಂಥ ಕಾಯಿಲೆ ಇಟ್ಟುಕೊಂಡೂ ಈ ತಿಂಗಳು ಒಂದು ದಿನವೂ ತಡಮಾಡಿಲ್ಲ, ಹಾಗಾಗಿ ಅದು ಅವಳಿಗೇ ಅಂತೆ.

"ನೀವೇ ಎರಡು ಮಾತು ಹೇಳ್ಬೇಕು," ಅಂದರು ಅಳಿಯದೇವರು. "ಕಾಯಿಲೆ ಅನ್ನೋದು ಮನಸ್ಸಲ್ಲಿರೋದು ಅಷ್ಟೇ, ಅಂತ. ಎಲ್ಲರಿಗೂ ಒಂದು ಹುರುಪು ಬರುತ್ತೆ. ಮತ್ತೆ ಅವತ್ತೊಂದು ದಿನ ಆ ಡಬ್ಬಿ ತರಬೇಡಿ."

ಅವಳ ಮೈಯೆಲ್ಲ ಹೇಸಿತು. ಡಬ್ಬಿಯೊಳಗಿನದನ್ನು ನೋಡಿದಾಗಲೂ ಅಷ್ಟು ಹೇಸಿರಲಿಲ್ಲ. ಆದರೆ ಹೂಂ ಅಂದಳು. ಕಪ್ಪು ಕೊಟ್ಟ ಕೈ ಒಂದು ಗಂಟೆಯನ್ನೂ ಕೊಟ್ಟೀತೇನೋ ಎಂಬ ಆಸೆ, ನೋಡಿ. ಆ ಆಸೆಯ ಬಗ್ಗೆಯೂ ಅವಳಿಗೆ ಅಸಹ್ಯವಾಯಿತು.

ಅತ್ತೆಗೆ ಹೇಳಿದಾಗ ಅವರು ತಟ್ಟುವುದನ್ನು ನಿಲ್ಲಿಸಲಿಲ್ಲ. "ಬೆನ್ನು ತಟ್ತಾನಂತಾ? ತಟ್ಲಿ ಬಿಡು. ಒಂದೂಕಾಲು ಗಂಟೆ ತಟ್ಟಕ್ಕೆ ಹೇಳು, ನಾನು ಅವತ್ತು ಮಲಗಿರ್ತೀನಿ," ಅಂದರು.

ಆ ದಿನ ಉಜ್ಜುವ ಯಂತ್ರಗಳಿಗೆಲ್ಲ ಬಿಳಿ ಬಟ್ಟೆ ಹೊದಿಸಿದ್ದರು. ಅಚ್ಚುಗಳ ತಟ್ಟೆ ಬಚ್ಚಲಿಗೆ ಹೋಗಿತ್ತು. ಬಾಡಿಗೆ ಕುರ್ಚಿಗಳಲ್ಲಿ ಮೂವತ್ತು ಮಂದಿ ಹಲ್ಲಿನ ಡಾಕ್ಟರುಗಳು ಕೂತು ಕೇಕು ತಿನ್ನುತ್ತಿದ್ದರು. ಗೋಡೆಯ ಮೇಲೆ ಅವಳ ಮುಖ ಬಾಗಿಲಷ್ಟು ದೊಡ್ಡದಾಗಿ ನಗುತ್ತಿತ್ತು, ಕೆಳಗೆ 'ಕಾಯಿಲೆ ಸೋತಿತು, ಸಮಯ ಗೆದ್ದಿತು' ಎಂಬ ಸಾಲು. ಅದನ್ನು ಅಚ್ಚು ಹಾಕಿದವನ ಕೈ ಬಿದ್ದುಹೋಗಲಿಲ್ಲವಲ್ಲ ಎಂದುಕೊಂಡಳು.

ಬೆಳಿಗ್ಗೆ ಅಲಂಕಾರಕ್ಕೆಂದು ಎಲ್ಲರನ್ನೂ ಏಳೂವರೆಗೇ ಬರಹೇಳಿದ್ದರು. ಇಪ್ಪತ್ತು ನಿಮಿಷವೂ ಸಿಕ್ಕಿರಲಿಲ್ಲ. ಡಬ್ಬಿಯೂ ಇಲ್ಲ. ಗಂಟಲಿಗೆ ಬಂದದ್ದನ್ನೆಲ್ಲ ನುಂಗುತ್ತಾ ಬಂದಿದ್ದಳು, ಒಂದೊಂದು ಸಲವೂ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಉಪ್ಪುಪ್ಪಾದ ಆ ಲೋಳೆಯನ್ನು. ಹನ್ನೊಂದು ಗಂಟೆಯ ಹೊತ್ತಿಗೆ ಹೊಟ್ಟೆಯಲ್ಲಿ ಅದೇ, ಎದೆಯಲ್ಲೂ ಅದೇ. ಕೇಕಿನ ವಾಸನೆಗೆ ಒಳಗಿನದೆಲ್ಲ ಮಗುಚಿ ಬರುವಂತಿತ್ತು.

ಅಳಿಯದೇವರು ಮೈಕು ಹಿಡಿದು ಕಾಲು ಗಂಟೆ ಮಾತಾಡಿದರು. ಅವಳ ಛಲವನ್ನು ಹೊಗಳಿದರು, ಆ ಛಲ ಬೆಳೆಯುವಂಥ ವಾತಾವರಣ ಕೊಟ್ಟ ಸಂಸ್ಥೆಯನ್ನು ಹೊಗಳಿದರು, ಸುತ್ತಿಬಳಸಿ ತಮ್ಮನ್ನೇ ಹೊಗಳಿಕೊಂಡರು. ಆಮೇಲೆ ಎರಡು ಹಿಡಿಯ ಹಿತ್ತಾಳೆ ಕಪ್ಪನ್ನು ಅವಳ ಕೈಗಿತ್ತು, ಮೈಕನ್ನು ಕಂಬಕ್ಕೆ ಸಿಕ್ಕಿಸಿ, ಫೋಟೋದವನ ಕಡೆ ಮುಖ ಮಾಡಿ ಅವಳ ಬೆನ್ನು ತಟ್ಟಿದರು.

"ಸಾರ್, ಕೈ ಕಾಣ್ಲಿಲ್ಲ. ಇನ್ನೊಂದ್ಸಲ," ಅಂದ ಫೋಟೋದವನು.

ಇನ್ನೊಂದು ಸಲ ತಟ್ಟಿದರು, ಸ್ವಲ್ಪ ಜೋರಾಗಿ. ಕುರ್ಚಿಯಲ್ಲಿದ್ದವರು ಚಪ್ಪಾಳೆ ಹೊಡೆದರು. ಹುರುಪು ಬಂದು ಅಳಿಯದೇವರು ಮೂರನೇ ಸಲ, ನಾಲ್ಕನೇ ಸಲ ತಟ್ಟಿದರು. ಹನ್ನೆರಡು ವರ್ಷದಿಂದ ಆ ಬೆನ್ನಿಗೆ ಏಟು ಬಿದ್ದದ್ದು ಒಂದೇ ಕಾರಣಕ್ಕೆ. ಹೊಗಳಿಕೆಯ ತಟ್ಟು ಯಾವುದು, ಕಫದ ತಟ್ಟು ಯಾವುದು ಎಂದು ಅದಕ್ಕೇನು ಗೊತ್ತು? ಎದೆಯ ತಳದಲ್ಲಿ ಏನೋ ಕಳಚಿಕೊಂಡಿತು. ಅವಳು ಬಾಯಿಗೆ ಕೈ ಅಡ್ಡ ಹಿಡಿದಳು, ತಡೆಯಲಾಗಲಿಲ್ಲ. ಸೊಂಟದಿಂದ ಬಗ್ಗಿ ಕೆಮ್ಮಿದಳು. ಕೆಮ್ಮಿನ ಮೇಲೆ ಕೆಮ್ಮು. ನೆಲಕ್ಕೆ ಉಗುಳುವ ಹಾಗಿಲ್ಲ, ನುಂಗಲು ಇನ್ನು ಜಾಗವಿಲ್ಲ. ಕೈಯಲ್ಲಿದ್ದದ್ದು ಕಪ್ಪು. ಅದರೊಳಕ್ಕೇ ಉಗಿದಳು. ಒಂದು ಸಲವಲ್ಲ, ಐದಾರು ಸಲ.

ಮೈಕು ಎಲ್ಲವನ್ನೂ ಎಲ್ಲರಿಗೂ ಕೇಳಿಸಿತು. ದಿನವಿಡೀ ಕಂಡೋರ ಬಾಯಿಗೆ ಬೆರಳು ಹಾಕುವ ಆ ಮೂವತ್ತು ಮಂದಿ ಕೇಕಿನ ತಟ್ಟೆ ಕೆಳಗಿಟ್ಟು ಮುಖ ತಿರುಗಿಸಿದರು. ಹಿಂದೆ ಗಚ್ಚಿನವನು ಛೀ ಅಂದದ್ದೂ ಕೇಳಿಸಿತು. ಅಳಿಯದೇವರ ಕೈ ತಟ್ಟಿದ ಭಂಗಿಯಲ್ಲೇ ನಿಂತಿತ್ತು, ಅವರ ತೋಳಿನ ಮೇಲೆ ಹಸಿರು ಹನಿಯೊಂದು ಸಿಡಿದಿತ್ತು.

ಅವಳು ಸೆರಗಿನಿಂದ ಬಾಯಿ ಒರೆಸಿಕೊಂಡಳು. ಎರಡು ಮಾತು ಹೇಳಬೇಕೆಂದಿದ್ದರಲ್ಲ, ಒಂದೇ ಹೇಳಿದಳು.

"ಇದಕ್ಕೇ ಸಾರ್, ನಾನು ಬೆಳಿಗ್ಗೆ ಒಂದು ಗಂಟೆ ಕೇಳಿದ್ದು."

ಆಮೇಲೆ ಬಚ್ಚಲಿನಲ್ಲಿ ನೀರು ಬಹಳ ಹೊತ್ತು ಸುರಿಯಿತು. ಅಳಿಯದೇವರು ತೋಳು ತೊಳೆದರು, ಸೋಪು ಹಚ್ಚಿ ಮತ್ತೆ ತೊಳೆದರು, ಅಂಗಿ ಬದಲಾಯಿಸಿ ಬಂದರು. ಜನ ಊಟಕ್ಕೂ ನಿಲ್ಲದೆ ಚದುರಿದರು. ಸಂಜೆ ಅವಳು ಬ್ಯಾಗು ಎತ್ತಿಕೊಳ್ಳುವಾಗ ಅವರು ಬಂದು ಬಾಗಿಲಲ್ಲೇ ನಿಂತರು, ಎರಡು ಮಾರು ದೂರದಲ್ಲಿ. ಕೆಲಸ ಹೋಯಿತು ಎಂದುಕೊಂಡಳು.

"ನಾಳೆಯಿಂದ ಒಂಬತ್ತೂವರೆಗೆ ಬನ್ನಿ," ಅಂದರು ಅಳಿಯದೇವರು, ಅವಳ ಮುಖ ನೋಡದೆ. "ಆ ಗಲೀಜೆಲ್ಲ ಮನೇಲೇ ಮುಗಿಸ್ಕೊಂಡು ಬನ್ನಿ. ಆ ಕಪ್ಪನ್ನೂ ತಗೊಂಡು ಹೋಗಿ, ಇಲ್ಲಿಡಬೇಡಿ."

ಡಾಕ್ಟರಮ್ಮನ ಕಾಗದಕ್ಕೆ ಕೊಡದ ಗಂಟೆ ಅದು. ಕರಗಿಹೋದ ಮೂರು ಕಿಲೋ ಮೈಗೆ, ಹದಿನಾಲ್ಕು ವರ್ಷದ ನೆಟ್ಟಗಿನ ಹಲ್ಲುಗಳಿಗೆ ಕೊಡದ ಗಂಟೆ. ಒಂದು ಹನಿ ತೋಳಿಗೆ ಸಿಡಿದದ್ದಕ್ಕೆ ಕೊಟ್ಟರು. ಗೆದ್ದೆ ಎಂದು ಹಿಗ್ಗಲೂ ಅವಳಿಗೆ ಬರಲಿಲ್ಲ. ಆಯ್ತು ಸಾರ್ ಅಂದಳು, ಥ್ಯಾಂಕ್ಸ್ ಅನ್ನಲಿಲ್ಲ. ಕಪ್ಪನ್ನು ಬಸ್ ನಿಲ್ದಾಣದ ಕಸದ ಡಬ್ಬಿಗೆ ಹಾಕಿ ಬಸ್ಸು ಹತ್ತಿದಳು.

ಮಾರನೇ ಬೆಳಿಗ್ಗೆ ಏಳೂ ನಲವತ್ತರ ಬಸ್ಸು ಕೆಳಗಿನ ರಸ್ತೆಯಲ್ಲಿ ಹಾರನ್ ಹೊಡೆದು ಹೋದಾಗ ಅವಳು ಬಲ ಮಗ್ಗುಲಿಗೆ ಮಲಗಿದ್ದಳು, ತಲೆ ತಗ್ಗಿಸಿಕೊಂಡು. ಅತ್ತೆಯ ಕೈ ಬೀಳುತ್ತಿತ್ತು. ನಿನ್ನೆಯದನ್ನೆಲ್ಲ ಕೇಳಿ ಅವರು ಅಳಿಯದೇವರ ವಂಶವನ್ನು ಮೂರು ತಲೆಮಾರಿನವರೆಗೆ ಬೈದು ಮುಗಿಸಿ ಈಗ ದಣಿದಿದ್ದರು. ಅವಳು ಎದ್ದು ಬೋಗುಣಿಗೆ ಕೆಮ್ಮಿದಳು. ಎರಡು ತಿಂಗಳಿಂದ ಕೂತಿದ್ದದ್ದು ಬಂತು, ಗಟ್ಟಿ, ಹಸಿರು, ಕೆಟ್ಟ ನಾತ. ಅತ್ತೆ ಬೋಗುಣಿಯನ್ನು ಕಿಟಕಿಯ ಬೆಳಕಿಗೆ ಓರೆ ಮಾಡಿ ಹಿಡಿದು ನೋಡಿದರು.

ಅವಳು ಅವರ ಮುಖವನ್ನೇ ನೋಡುತ್ತಿದ್ದಳು. ಇಷ್ಟು ವರ್ಷ ಕೇಳದೇ ಇದ್ದದ್ದು ಬಾಯಿಗೆ ಬಂದುಬಿಟ್ಟಿತು.

"ನಿಮಗೆ ಅಸಹ್ಯ ಆಗಲ್ವಾ ಅತ್ತೆ?"

ಅತ್ತೆ ಬೋಗುಣಿ ಕೆಳಗಿಟ್ಟು, ಸೀರೆಗೆ ಕೈ ಒರೆಸಿಕೊಂಡರು.

"ಆಗುತ್ತೆ," ಅಂದರು. "ದಿನಾ ಆಗುತ್ತೆ. ಎಡಕ್ಕೆ ತಿರುಗು."

ಅವಳು ಮತ್ತೆ ಮಲಗಿ ಎಡಕ್ಕೆ ತಿರುಗಿದಳು. ಅತ್ತೆ ದಿಂಬನ್ನು ಸೊಂಟದ ಕೆಳಗೆ ಸರಿಯಾಗಿ ತಳ್ಳಿ, ಮಂಚದ ಅಂಚಿಗೆ ಮಂಡಿಯೂರಿ, ಅಂಗೈಯನ್ನು ಮತ್ತೆ ಬೊಗಸೆ ಮಾಡಿಕೊಂಡರು.