ಕೊನೆಯ ವಿಮಾನಕ್ಕೆ ತಂದ ಹಾರ

ನಮ್ಮ ಮಾವ ದೊಡ್ಡಸಿದ್ದಯ್ಯನವರಿಗೆ ಮಗನ ಕೆಲಸದ ಬಗ್ಗೆ ಹೇಳಿಕೊಳ್ಳುವುದೆಂದರೆ ಊಟಕ್ಕಿಂತ ಹೆಚ್ಚು. ಭಾರತೀನಗರದ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಗಾಡಿ ಹೊಡೆದುಕೊಂಡು ಹೋದಾಗಲೆಲ್ಲ, ಸಾಲಿನಲ್ಲಿ ಮುಂದಿದ್ದವನಿಗೂ ಹಿಂದಿದ್ದವನಿಗೂ, ತಮ್ಮ ಮಗ ಬೆಂಗಳೂರಿನಲ್ಲಿ ಜನ ಕೂರುವ ಪುಟ್ಟ ವಿಮಾನಕ್ಕೆ ರಿವೆಟ್ ಹೊಡೆಯುತ್ತಾನೆ ಎಂದು ಹೇಳದೆ ಬಿಡುತ್ತಿರಲಿಲ್ಲ. ರಿವೆಟ್ ಎಂದರೆ ತಗಡಿಗೆ ತಗಡು ಸೇರಿಸುವ ಮೊಳೆ ಎಂದು ಅವರಿಗೂ ಗೊತ್ತಿರಲಿಲ್ಲ, ಕೇಳಿದವರಿಗೂ ಗೊತ್ತಿರಲಿಲ್ಲ.

ಎಪ್ಪತ್ತಾರನೇ ಇಸವಿಯಲ್ಲಿ, ಆ ಪುಟ್ಟ ವಿಮಾನವನ್ನು ಕೊಳ್ಳುವವರಿಲ್ಲ, ಇನ್ನು ಮಾಡುವುದಿಲ್ಲ ಎಂದುಬಿಟ್ಟರು ಕಾರ್ಖಾನೆಯವರು. ನಮ್ಮನೆಯವರನ್ನು ಬೇರೆ ವಿಭಾಗಕ್ಕೆ ಹಾಕಿದರು, ಕೆಲಸಕ್ಕೇನೂ ಕುತ್ತಿರಲಿಲ್ಲ. ಆದರೆ ಅಪ್ಪನಿಗೆ ಯಾವ ಮುಖ ಇಟ್ಟುಕೊಂಡು ಹೇಳಲಿ ಎಂದು ಕೊರಗಿದರು. ಊರಿಗೆ ಹೋದಾಗ ತಲೆ ತಗ್ಗಿಸಿಕೊಂಡು, ಕೊನೆಯದು ಮುಂದಿನ ವಾರ ಹೊರಡುತ್ತದೆ, ಆಮೇಲೆ ನಿಲ್ಲಿಸುತ್ತಾರೆ ಎಂದಷ್ಟೇ ಹೇಳಿದರು.

ಮಾವ ಅದನ್ನು ಕಬ್ಬು ಅರೆಯುವ ಲೆಕ್ಕದಲ್ಲಿ ಕೇಳಿಸಿಕೊಂಡರು. ಸೀಜನ್ ಮುಗಿಯಿತು, ಬರುವ ವರ್ಷ ಮತ್ತೆ ಶುರುವಾಗುತ್ತದೆ ಅಂತ. ಸೀಜನ್ನಿನ ಕೊನೆಯ ಗಾಡಿ ಪೂಜೆಯಿಲ್ಲದೆ ಹೋದೀತೇ ಎಂದು ಚೆಂಡುಹೂವಿನ ಹಾರ ಹಿಡಿದು ಬೆಂಗಳೂರಿಗೆ ಬಂದೇಬಿಟ್ಟರು.

ಕೊನೆಯ ವಿಮಾನ ಹೊರಡುವ ದಿನ ಕೆಲಸಗಾರರ ಮನೆಯವರನ್ನೂ ಕಾರ್ಖಾನೆಯೊಳಗೆ ಬಿಟ್ಟಿದ್ದರು. ವಿಮಾನ ಸುಣ್ಣ ಬಳಿದ ಮನೆಯಷ್ಟು ಬೆಳ್ಳಗೆ ನಿಂತಿತ್ತು. ಇದರ ಮೈಮೇಲೆ ನನ್ನ ಗಂಡನ ಕೈ ಓಡಾಡಿದೆಯಲ್ಲ ಎಂದು ನನಗೆ ಹೆಮ್ಮೆಯೋ ಹೆಮ್ಮೆ. ಹಾರ ಹಿಡಿದು ಮುಂದೆ ಹೋದ ಮಾವನನ್ನು ಅಧಿಕಾರಿ ತಡೆದರು. ಒಂದು ದಾರದೆಳೆ ಇಂಜಿನ್ನಿಗೆ ಸಿಕ್ಕಿದರೂ ಅಪಾಯ ಎಂದರು. ಅವರು ಹೇಳಿದ್ದು ನ್ಯಾಯವೇ, ಆದರೂ ನನಗೆ ಸಿಟ್ಟು ನೆತ್ತಿಗೇರಿತು.

ನಮ್ಮನೆಯವರಿಗೆ ಇನ್ನು ತಡೆದುಕೊಳ್ಳಲಾಗಲಿಲ್ಲ.

“ಬುಡಪ್ಪ, ಇದು ಸೀಜನ್ನಲ್ಲ. ಇನ್ಯಾವತ್ತೂ ಈ ಇಮಾನ ಮಾಡಕಿಲ್ಲ. ಕೊಳ್ಳೋರೇ ಇಲ್ಲ. ಸೋತೋದೋ ಕಣಪ್ಪ, ಆರ ಯಾಕೆ?”

ಮಾವ ವಿಮಾನವನ್ನು ಮೂತಿಯಿಂದ ಬಾಲದವರೆಗೆ ನೋಡಿದರು. ಆಮೇಲೆ, ಇದುವರೆಗೆ ಮಾಡಿದ್ದರಲ್ಲಿ ಯಾವುದಾದರೂ ಕೆಳಗೆ ಬಿದ್ದಿದೆಯೇ ಎಂದು ಕೇಳಿದರು. ಒಂದೂ ಬಿದ್ದಿಲ್ಲ, ಎಲ್ಲ ಹಾರುತ್ತಿವೆ ಎಂದರು ನಮ್ಮನೆಯವರು.

“ಮತ್ಯಾಕ್ಲಾ ಮೋರೆ ಸಣ್ಣ ಮಾಡ್ಕೊಂಡೀಯ? ನಮ್ಮಲ್ಲಿ ಗಾಡಿಗೆ ಆರ ಆಕಕಿಲ್ಲ, ಎಳ್ದ ಎತ್ತಿಗೆ ಆಕೋದು. ಕತ್ತು ಬಗ್ಸು.”

ಅಧಿಕಾರಿಗಳೂ ಜೊತೆಗಾರರೂ ನೋಡುತ್ತಿದ್ದಂತೆ ನಮ್ಮನೆಯವರು ಕತ್ತು ಬಗ್ಗಿಸಿದರು. ಹಾರ ಬಿದ್ದ ಮೇಲೆ ಎತ್ತಿದ ತಲೆಯನ್ನು, ವಿಮಾನ ಹೊರಟು ಕಣ್ಮರೆಯಾಗುವವರೆಗೂ ಇಳಿಸಲಿಲ್ಲ.