ದಾನಮ್ಮನ ಸಿನಾ

ಮಹಾಪೆಯ ಆ ಪಂಪ್ ಫ್ಯಾಕ್ಟರಿಯನ್ನು ಫಿನ್ಲೆಂಡಿನವರು ಕೊಂಡ ಮೇಲೆ ಹೊಸ ಕಾನೂನು ಬಂತು: ಸಾರ್, ಮೇಡಮ್ ಬೇಡ, ಎಲ್ಲರೂ ಎಲ್ಲರನ್ನೂ ಹೆಸರು ಹಿಡಿದೇ ಕರೆಯಬೇಕು. ಸೂಪರ್‌ವೈಸರ್ ಮೋಹನದಾಸನಿಗೆ ಅದರಲ್ಲಿ ಅರ್ಧ ಮಾತ್ರ ಹಿಡಿಸಿತು. ಉಡುಪಿ ಕಡೆಯ ಈ ಪುಣ್ಯಾತ್ಮ ಪ್ಯಾಕಿಂಗಿನ ಹೆಂಗಸರನ್ನೆಲ್ಲ ‘ನೀನು’ ಎಂದ. ತಾನು ಮಾತ್ರ ‘ಸಾರ್, ನೀವು’ ಅನ್ನಿಸಿಕೊಂಡ.

ಪ್ಯಾಕಿಂಗಿನ ದಾನಮ್ಮನಿಗೆ ಮೈಯೆಲ್ಲ ಉರಿಯಿತು. ವಿಜಯಪುರದಿಂದ ಬಂದು ಮುಂಬ್ರಾದಲ್ಲಿ ನೆಲೆನಿಂತವಳು, ವಯಸ್ಸಿನಲ್ಲಿ ಅವನ ದೊಡ್ಡಕ್ಕನಂತಿದ್ದಳು. ಆದರೆ ಅವಳ ಕಾಂಟ್ರಾಕ್ಟ್ ಈ ಶನಿವಾರ ಮುಗಿಯುತ್ತಿತ್ತು, ಮುಂದುವರಿಸುವ ಸಹಿ ಅವನದೇ. ಬಾಯಿ ಮುಚ್ಚಿಕೊಂಡಿದ್ದಳು.

ಬುಧವಾರ ಕ್ಯಾಂಟೀನಿನಲ್ಲಿ, ಫಿನ್ಲೆಂಡಿನಿಂದ ಬಂದಿದ್ದ ದೊಡ್ಡ ಅಧಿಕಾರಿ ಐನೋ ತಾನೇ ತಟ್ಟೆ ಹಿಡಿದು ಬಂದು ಅವಳ ಪಕ್ಕ ಕೂತಳು. ಮಾತು ತಿಳಿಸಲು ಎಂಜಿನಿಯರ್ ಶ್ರೀಲಕ್ಷ್ಮಿ ಇದ್ದಳು, ಎರಡು ವರ್ಷ ಆ ದೇಶದಲ್ಲಿದ್ದು ಬಂದವಳು.

“ನಿಮ್ಮ ಊರಾಗ ಕಸಾ ಹೊಡಿಯೋರು ಮಾಲಕಗ ಏನಂತಾರ?” ದಾನಮ್ಮ ಕೇಳಿಯೇ ಬಿಟ್ಟಳು.

“ಸಿನಾ,” ಎಂದಳು ಐನೋ.

“ಹಾಗಂದ್ರೆ ನೀನು,” ಎಂದಳು ಶ್ರೀಲಕ್ಷ್ಮಿ. “ನೀವು ಅನ್ನೋ ಮಾತೂ ಇದೆ, ತೀರಾ ವಯಸ್ಸಾದವರಿಗೆ ಎಲ್ಲೋ ಅಪರೂಪಕ್ಕೆ ಅಂತಾರೆ. ಮಾಲೀಕನೂ ಕಸ ಹೊಡೆಯೋರಿಗೆ ಸಿನಾ ಅಂತಲೇ ಅನ್ನೋದು.”

“ಎರಡೂ ಕಡಿಂದ?”

“ಹೂಂ, ಎರಡೂ ಕಡೆಯಿಂದ.”

ಅಯ್ಯ ಶಿವನೇ, ಮೋಹನದಾಸ ನುಂಗಿದ ಇನ್ನರ್ಧ ಕಾನೂನು ಇದು!

ಮರುದಿನ ಬೆಳಿಗ್ಗೆ ಮೋಹನದಾಸ ಕಾಂಟ್ರಾಕ್ಟಿನ ಫೈಲು ಹಿಡಿದು ಬಂದ. “ಏ ದಾನಮ್ಮ, ನೀನು ಆ ಪೆಟ್ಟಿಗೆ ಎತ್ತು ಮಾರಾಯ್ತಿ, ಟೆಂಪೋ ಕಾಯ್ತಾ ಉಂಟು.”

ಇಬ್ಬರು ಎತ್ತುವ ಪೆಟ್ಟಿಗೆ ಅದು.

“ಎತ್ತತೀನಿ ಮೋಹನದಾಸ. ನೀ ಆ ತುದಿ ಹಿಡಿ.”

ಇಡೀ ಪ್ಯಾಕಿಂಗ್ ವಿಭಾಗದ ಕೈ ನಿಂತಿತು. ಮೋಹನದಾಸನ ಮುಖ ಕೆಂಪಗಾಯಿತು. “ಶನಿವಾರದ ಮೇಲೆ ನೀನು ಬರುವುದು ಬೇಡ!”

ದಾನಮ್ಮ ಹೆದರಲಿಲ್ಲವೆಂದರೆ ಸುಳ್ಳಾದೀತು. ಆದರೂ ಮೇಜಿನ ಮೇಲಿದ್ದ ಪೆನ್ನು ತೆಗೆದು ಅವನ ಮುಂದೆ ಹಿಡಿದಳು.

“ಬರದು ಕೊಡು. ಕಾರಣಾನೂ ಬರಿ, ದಾನಮ್ಮ ನನಗ ನೀ ಅಂದ್ಳು ಅಂತ. ಐನೋನ ಕೈಯಾಗ ನಾನ ಒಯ್ದು ಕೊಡತೀನಿ.”

ಅವನು ಪೆನ್ನು ಮುಟ್ಟಲಿಲ್ಲ. ಫೈಲು ಎದೆಗವಚಿಕೊಂಡು, “ಅಲ್ಲ ದಾನಮ್ಮನವರೇ, ನೀವು ಯಾಕೆ ಇಷ್ಟು...” ಎಂದ.

“ನೀವು ಅಂತೀರಿ? ಆತು, ನಾನೂ ನೀವು ಅಂತೀನಿ. ಮೊದಲ ಸಹಿ ಮಾಡ್ರಿ. ಆಮ್ಯಾಲ ಆ ತುದಿ ಹಿಡೀರಿ.”

ಮೋಹನದಾಸ ಫೈಲು ಬಿಚ್ಚಿ ಸಹಿ ಮಾಡಿದ. ಆಮೇಲೆ ಅಂಗಿಯ ತೋಳು ಮಡಚಿ ಪೆಟ್ಟಿಗೆಯ ಆ ತುದಿಗೆ ಬಗ್ಗಿದ.